ಶಾಸನಗಳ ತಲೆಬರಹ ಹಿಡಿದು ಬಾದಾಮಿಯ ಓಣಿಗಳಲ್ಲಿ

ಶಾಸನ ಸಂಪುಟಗಳಲ್ಲಿ ಪ್ರತಿ ಪಾಠದ ಮೇಲೆ ಒಂದೆರಡು ಸಾಲಿನ ತಲೆಬರಹ ಇರುತ್ತದೆ. ಕಲ್ಲು ಎಲ್ಲಿದೆ, ಯಾವ ಗುಡಿಯ ಯಾವ ಮಗ್ಗುಲಲ್ಲಿದೆ, ಅಕ್ಷರ ಎಷ್ಟು ಸವೆದಿದೆ ಎಂಬಷ್ಟೇ ವಿವರ. ಬಹುತೇಕ ಓದುಗರು ಅದನ್ನು ದಾಟಿ ನೇರವಾಗಿ ರಾಜನ ಹೆಸರಿಗೆ, ಶಕವರ್ಷಕ್ಕೆ ಇಳಿಯುತ್ತಾರೆ. ಬಾದಾಮಿಯ ಮಟ್ಟಿಗೆ ನಾನು ಇದಕ್ಕೆ ವಿರುದ್ಧವಾಗಿ ಹೊರಟೆ. ಪಾಠಗಳನ್ನು ಬದಿಗಿಟ್ಟು ತಲೆಬರಹಗಳನ್ನಷ್ಟೇ ಬರೆದುಕೊಂಡೆ. ಅವನ್ನು ಕಾಲಕ್ರಮದಲ್ಲಿ ಇಡದೆ, ಕಲ್ಲುಗಳು ನಿಂತಿರುವ ಜಾಗಗಳ ಕ್ರಮದಲ್ಲಿ ಜೋಡಿಸಿದರೆ ಕೆರೆದಂಡೆಯ ಈ ಊರಿನಲ್ಲಿ ನಡೆಯಲು ಎಂಥ ದಾರಿ ಸಿಗುತ್ತದೆ ಎಂದು ನೋಡಬೇಕಿತ್ತು.

ಇಂದು ಬಾದಾಮಿಗೆ ಬರುವವರಿಗೆ ದಾರಿ ಗೊತ್ತೇ ಇದೆ. ವಾಹನ ನಿಲ್ಲಿಸಿ ಗುಹೆಗಳ ಮೆಟ್ಟಿಲು ಹತ್ತುತ್ತಾರೆ, ಮೇಲಿಂದ ಕೆರೆಯ ಚಿತ್ರ ತೆಗೆಯುತ್ತಾರೆ, ಇಳಿದು ಭೂತನಾಥನ ಗುಡಿಯವರೆಗೆ ಹೋಗುತ್ತಾರೆ. ಹೊತ್ತಿದ್ದರೆ ಮ್ಯೂಸಿಯಂ, ಇಲ್ಲದಿದ್ದರೆ ನೇರ ಪಟ್ಟದಕಲ್ಲು. ಈ ದಾರಿಯಲ್ಲಿ ಊರು ಬರುವುದೇ ಇಲ್ಲ. ಗುಡ್ಡಗಳ ನಡುವೆ, ಕೆರೆಯ ಏರಿಗೆ ಬೆನ್ನು ಕೊಟ್ಟು ಒತ್ತೊತ್ತಾಗಿ ಕೂತ ಮನೆಗಳನ್ನು ಜನ ಸ್ಮಾರಕಗಳಿಗೆ ಅಡ್ಡ ಬಂದ ಗೋಡೆಗಳಂತೆ ನೋಡಿ ಹೋಗುತ್ತಾರೆ. ದಾಖಲೆಗಳು ಹೇಳುವುದು ಬೇರೆ. ಅವುಗಳಲ್ಲಿ ವಾತಾಪಿ ಎಂದರೆ ಮೊದಲು ಊರು, ಆಮೇಲೆ ಗುಹೆ.

ದಾಖಲೆಗಳೇನೋ ಇವೆ, ಆದರೆ ಒಂದು ಕಡೆ ಇಲ್ಲ. ಬಾದಾಮಿ ಸೇರಿದ್ದ ಜಿಲ್ಲೆಯ ಹೆಸರೇ ಬದಲಾಗುತ್ತ ಬಂದಿದೆ. ಮೊದಲು ಕಲಾದಗಿ, 1880ರ ದಶಕದಿಂದ ಬಿಜಾಪುರ, 1997ರಿಂದ ಬಾಗಲಕೋಟೆ. 1956ರವರೆಗೆ ಆಡಳಿತ ಮುಂಬೈ ಕಡೆಯದು. ಹಾಗಾಗಿ ಒಂದೇ ಊರಿನ ಕಾಗದ ಬೇರೆ ಬೇರೆ ಜಿಲ್ಲೆಯ ಹೆಸರಿನಡಿ, ಬೇರೆ ಬೇರೆ ನಗರಗಳಲ್ಲಿ ಹರಡಿಕೊಂಡಿದೆ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಋತುವಿನಲ್ಲಿ, ಅಂದರೆ 1874ರ ಜನವರಿಯಿಂದ ಮೇ ತನಕ, ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸುತ್ತಾಡಿದ. ಅವನ ವರದಿಯನ್ನು ‘ಬಿಜಾಪುರ’ ಎಂದು ಹುಡುಕಿದರೆ ಸಿಗದು. ಬಾಂಬೆ ಸಿವಿಲ್ ಸೇವೆಯ ಜೆ. ಎಫ್. ಫ್ಲೀಟ್ ಈ ಊರಿನ ಕಲ್ಲುಗಳನ್ನು ಓದಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಮಾಡಿಸಿದ. ಅವುಗಳಲ್ಲಿ ದೊಡ್ಡ ಗುಂಪು 1881ರ ಹತ್ತನೆಯ ಸಂಪುಟದಲ್ಲಿದೆ. 1884ರ ಬಿಜಾಪುರ ಗೆಜೆಟಿಯರ್ ಊರನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಗುಡಿಗಳ ಅಳತೆಗೆ ಹೆನ್ರಿ ಕಸಿನ್ಸ್‌ನ 1926ರ ಗ್ರಂಥ, ಗುಹೆಗಳ ಉಬ್ಬುಶಿಲ್ಪಗಳಿಗೆ ಆರ್. ಡಿ. ಬ್ಯಾನರ್ಜಿ ಅವರ 1928ರ ಪುಸ್ತಕ. ಆಮೇಲೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರ ಕೆಲಸ. ನಮ್ಮ ಕಾಲದಲ್ಲಿ ಶ್ರೀನಿವಾಸ ಪಾಡಿಗಾರರು ಬಾದಾಮಿ ಚಾಲುಕ್ಯರ ಶಾಸನಗಳನ್ನೆಲ್ಲ ಒಂದೆಡೆ ತಂದಿದ್ದಾರೆ. ಅವರ ಸಂಪುಟ ಕೈಯಲ್ಲಿ ಇಲ್ಲದೆ ಈ ಹಾದಿಯಲ್ಲಿ ನಾನು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

ಈ ಪುಸ್ತಕಗಳನ್ನೆಲ್ಲ ಜೋಡಿಸಿರುವುದು ಅರಸರ ಪ್ರಕಾರ. ಒಂದನೆಯ ಪುಲಕೇಶಿ, ಕೀರ್ತಿವರ್ಮ, ಮಂಗಳೇಶ, ಹೀಗೆ. ಇತಿಹಾಸ ಬರೆಯುವವರಿಗೆ ಅದೇ ಬೇಕು. ಊರನ್ನು ತಿಳಿಯಬೇಕು ಎನ್ನುವವರಿಗೆ ಅದರಿಂದ ತೊಂದರೆಯೇ ಹೆಚ್ಚು. ಒಂದೇ ಓಣಿಯ ಎರಡು ಕಲ್ಲುಗಳ ನಡುವೆ ನಾನೂರು ವರ್ಷ ಇದ್ದರೆ ಅವು ಎರಡು ಬೇರೆ ಸಂಪುಟಗಳಿಗೆ ಹೋಗುತ್ತವೆ. ಅವು ಅಕ್ಕಪಕ್ಕದಲ್ಲಿವೆ ಎಂಬ ಸಂಗತಿ ಯಾವ ಪುಟದಲ್ಲೂ ಉಳಿಯುವುದಿಲ್ಲ.

ಜಾಗದ ಕ್ರಮದಲ್ಲಿ ಜೋಡಿಸಿದಾಗ ಮೊದಲು ಸಿಕ್ಕಿದ್ದು ಗುಹೆಯೂ ಅಲ್ಲ, ಕೋಟೆಯೂ ಅಲ್ಲ. ಮನೆಗಳ ನಡುವಿನ ಜಂಬುಲಿಂಗ ಗುಡಿ. ಶಕ 621, ಅಂದರೆ ಕ್ರಿ. ಶ. 699. ಆಳುತ್ತಿದ್ದವನು ವಿಜಯಾದಿತ್ಯ. ಅವನ ತಾಯಿ ವಿನಯವತಿ ವಾತಾಪಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠೆ ಮಾಡಿಸಿದಳೆಂದು ಕಂಬದ ಮೇಲಿನ ಬರಹ ಹೇಳುತ್ತದೆ. ಗುಡಿಯ ನಕ್ಷೆಯೂ ಅದಕ್ಕೆ ಒಪ್ಪುತ್ತದೆ. ಒಂದೇ ಮಂಟಪಕ್ಕೆ ತೆರೆದುಕೊಂಡ ಮೂರು ಗರ್ಭಗುಡಿಗಳಿವೆ. ಅರಸನ ತಾಯಿ ಕಟ್ಟಿಸಿದ ಗುಡಿ ಗುಡ್ಡದ ಮೇಲಿಲ್ಲ, ಕೋಟೆಯೊಳಗೂ ಇಲ್ಲ, ಜನ ಓಡಾಡುವ ಬಯಲಿನಲ್ಲಿದೆ. ಏಳನೆಯ ಶತಮಾನದ ಕೊನೆಗೆ ಊರಿನ ನಡು ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ನಾನು ಈ ಓಣಿಯನ್ನೇ ತೋರಿಸುತ್ತೇನೆ.

ಆ ಓಣಿಯಲ್ಲಿ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದಾಗ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು.

“ಏನ ಹುಡುಕಾಕತ್ತಿ ತಮ್ಮಾ?”

“ಇಲ್ಲೇ ಅಕ್ಷರ ಬರದ ಕಂಬ ಐತಂತ, ಯವ್ವಾ.”

“ಐತಿ, ಐತಿ. ಒಳಗ ಹೋಗಿ ನೋಡು. ನಾವು ಸಣ್ಣಾವ್ರಿದ್ದಾಗ ಅದರ ಸುತ್ತ ಆಡ್ತಿದ್ವಿ. ಏನ ಬರದೈತಿ ಅದರಾಗ?”

ಅರಸನ ತಾಯಿ ಮೂರು ದೇವರನ್ನು ಕೂಡಿಸಿದ ಸಂಗತಿ ಹೇಳಿದೆ. ಅವಳು ಹೆಸರು ಕೇಳಿದಳು. ವಿನಯವತಿ ಎಂದೆ. “ತಾಯಿ ಹೆಸರು ಬರಸ್ಯಾರಲ್ಲ, ಚಲೋ ಆತು” ಎಂದಳು. ಆ ಶಾಸನದ ಬಗ್ಗೆ ಓದಿದ ಎಷ್ಟೋ ಪುಟಗಳಲ್ಲಿ ಈ ಮಾತು ನನಗೆ ಸಿಕ್ಕಿರಲಿಲ್ಲ. ಗಂಡಸರ ದಂಡಯಾತ್ರೆಗಳೇ ತುಂಬಿದ ಆ ಕಾಲದ ಬರಹಗಳ ನಡುವೆ ಒಬ್ಬ ತಾಯಿಯ ಹೆಸರು ಊರ ನಡುವೆ ನಿಂತಿರುವುದು ದೊಡ್ಡ ಸಂಗತಿಯೇ.

ಅಲ್ಲಿಂದ ಓಣಿ ಕೆರೆಯ ಕಡೆ ಸರಿಯುತ್ತದೆ. ಅಗಸ್ತ್ಯತೀರ್ಥದ ಮೂರು ಕಡೆ ಕೆಂಪು ಮರಳುಗಲ್ಲಿನ ಬಂಡೆ, ಪಡುವಲು ಮಾತ್ರ ಬಯಲು. ಆ ಬಾಯಿಗೆ ಏರಿ ಕಟ್ಟಿ ನೀರು ನಿಲ್ಲಿಸಿದ್ದಾರೆ. ಮಳೆ ಬಿದ್ದಾಗ ಮೂಡಣದ ಬಂಡೆಯಿಂದ ಅಕ್ಕ-ತಂಗಿ ಎಂದು ಕರೆಯುವ ಜೋಡಿ ಜಲಪಾತ ಧುಮುಕುತ್ತದೆ. ಏರಿಯ ಬಳಿ ಎಲ್ಲಮ್ಮನ ಗುಡಿ. ಅದು ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿಯ ಬರಹ ಹನ್ನೆರಡನೆಯ ಶತಮಾನದ ಜಗದೇಕಮಲ್ಲನ ಆಳ್ವಿಕೆಯದು. ಜಂಬುಲಿಂಗದಿಂದ ಇಲ್ಲಿಗೆ ಕೆಲವೇ ನಿಮಿಷದ ನಡಿಗೆ, ಬರಹಗಳ ನಡುವೆ ನಾನೂರು ವರ್ಷಕ್ಕೂ ಹೆಚ್ಚು. ವಾತಾಪಿಯ ಚಾಲುಕ್ಯರು ಅಳಿದ ಮೇಲೆ ಊರು ಪಾಳು ಬಿತ್ತು ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಈ ಎರಡು ಕಲ್ಲುಗಳ ನಡುವೆ ನಡೆದವರು ಆ ಮಾತನ್ನು ನಂಬಲಾರರು. ರಾಜಧಾನಿ ಹೋಯಿತು, ಊರು ಉಳಿಯಿತು.

ಏರಿಯ ಮೆಟ್ಟಿಲುಗಳ ಮೇಲೆ ಬೆಳಗಿನ ಹೊತ್ತು ಬಟ್ಟೆ ಒಗೆಯುವ ಸದ್ದು. ಎದುರಿನ ಬಂಡೆಗೆ ಬಡಿದು ಅದು ಮರಳಿ ಬರುತ್ತದೆ. ನೀರಿನ ಬಳಕೆ ಇಲ್ಲಿ ಇನ್ನೂ ನಿಂತಿಲ್ಲ. ಕೆರೆಯನ್ನು ಬರಿ ನೋಟದ ವಸ್ತುವಾಗಿ ಕಾಣುವ ಪ್ರವಾಸಿ ಪುಸ್ತಿಕೆಗಳಿಗಿಂತ ಈ ಮೆಟ್ಟಿಲುಗಳೇ ಊರಿನ ಕಥೆಯನ್ನು ಹೆಚ್ಚು ನೇರವಾಗಿ ಹೇಳುತ್ತವೆ.

ಕೆರೆಯ ಬಡಗಣ ದಂಡೆ ಹಿಡಿದರೆ ಪುರಾತತ್ವ ಇಲಾಖೆಯ ಮ್ಯೂಸಿಯಂ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇಲ್ಲಿದ್ದಾಳೆ. ಪಕ್ಕದಿಂದ ಬಂಡೆಯ ಸೀಳಿನೊಳಗೆ ಮೆಟ್ಟಿಲು ಏರುತ್ತದೆ. ಎರಡೂ ಕಡೆ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಕಲ್ಲುಗೋಡೆ, ನಡುವೆ ಕಿರಿದಾದ ದಾರಿ. ಗೆಜೆಟಿಯರ್ ಈ ಬಡಗಣ ಕೋಟೆಯನ್ನು ಬಾವನ್‌ಬಂಡೆ ಕೋಟೆ ಎಂದೂ ತೆಂಕಣದ್ದನ್ನು ರಣಮಂಡಲ ಎಂದೂ ಕರೆಯುತ್ತದೆ.

ಬಾದಾಮಿಯ ದಾಖಲೆಗಳಲ್ಲಿ ಅತ್ಯಂತ ಹಿರಿಯದು ಇರುವುದು ಈ ಬಡಗಣ ಗುಡ್ಡದ ಬಂಡೆಯಲ್ಲೇ. ಶಕ 465, ಕ್ರಿ. ಶ. 543. ಸಂಸ್ಕೃತದ ಐದು ಸಾಲು. ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಇಪ್ಪತ್ತೇಳನೆಯ ಸಂಪುಟದಲ್ಲಿ ಸಂಪಾದಿಸಿದವರು ಕನ್ನಡ ಸಂಶೋಧನ ಸಂಸ್ಥೆಯ ಆರ್. ಎಸ್. ಪಂಚಮುಖಿ. ಬರ್ಜೆಸ್‌ನ ವರದಿಗೂ ಫ್ಲೀಟ್‌ನ ಲೇಖನಗಳಿಗೂ ಇದು ಸೇರಿರಲಿಲ್ಲ. ಚಾಲುಕ್ಯ ವಲ್ಲಭೇಶ್ವರ, ಅಂದರೆ ಒಂದನೆಯ ಪುಲಕೇಶಿ, ಅಶ್ವಮೇಧ ಮೊದಲಾದ ಯಾಗಗಳನ್ನು ಮಾಡಿ, ವಾತಾಪಿಯ ಗುಡ್ಡವನ್ನು ಕೆಳಗಿನಿಂದಲೂ ಮೇಲಿನಿಂದಲೂ ಯಾರೂ ಗೆಲ್ಲಲಾಗದ ಕೋಟೆ ಮಾಡಿದನೆಂಬುದು ಅದರ ಸಾರ. ಮನೆಯ ಮೇಜಿನ ಮೇಲೆ ಓದಿದಾಗ ಅದು ಅರಸನ ಹೊಗಳಿಕೆಯಾಗಿ ಕಂಡಿತ್ತು. ಬಂಡೆಯ ಸೀಳಿನೊಳಗೆ ನಡೆದು ಮೇಲೆ ಬಂದು ನಿಂತಾಗ ಆ ಮಾತು ಜಾಗದ ನೇರ ವರ್ಣನೆ ಎಂದು ಗೊತ್ತಾಯಿತು. ಕೆಳಗಿನಿಂದ ಏರುವವರು ಸೀಳಿನಲ್ಲಿ ಒಬ್ಬೊಬ್ಬರಾಗಿಯೇ ಬರಬೇಕು, ಮೇಲೆ ನಿಂತವರಿಗೆ ಊರೂ ಕೆರೆಯೂ ಬಯಲೂ ಒಂದೇ ನೋಟಕ್ಕೆ ಸಿಗುತ್ತವೆ. ಶಾಸನದಲ್ಲಿ ಕೆರೆಯ ಮಾತಿಲ್ಲ. ಆದರೂ ಕೆಳಗೆ ನೀರಿನ ಆಸರೆ ಇಲ್ಲದೆ ಮೇಲಿನ ಕೋಟೆ ಮುತ್ತಿಗೆಯನ್ನು ತಾಳಲಾರದು. ಕೋಟೆಯನ್ನೂ ಬಂಡೆಗಳ ನಡುವೆ ಕೂಡುವ ನೀರನ್ನೂ ಕೂಡಿಸಿಯೇ ಈ ಜಾಗವನ್ನು ಆರಿಸಿದರೆಂಬುದು ನನ್ನ ತೀರ್ಮಾನ.

ಆ ಕೋಟೆಯನ್ನೂ ಗೆದ್ದವರುಂಟು. ಕಂಚಿಯ ಪಲ್ಲವ ಒಂದನೆಯ ನರಸಿಂಹವರ್ಮ 642ರ ಸುಮಾರಿಗೆ ವಾತಾಪಿಯನ್ನು ಹಿಡಿದು ಇಲ್ಲಿಯ ಬಂಡೆಯೊಂದರ ಮೇಲೆ ತನ್ನ ಗೆಲುವನ್ನು ಬರೆಸಿದ. ಬರಹ ಬಹಳ ಸವೆದಿದೆ. ಚಾಲುಕ್ಯರು ಊರನ್ನು ಮರಳಿ ಪಡೆದ ಮೇಲೂ ಆ ಕಲ್ಲಿನಲ್ಲಿ ಶತ್ರುವಿನ ಹೆಸರು ಉಳಿದುಕೊಂಡಿತು. ಮುಂದೆ 1340ರಲ್ಲಿ, ವಿಜಯನಗರದ ಒಂದನೆಯ ಹರಿಹರನ ಕಾಲದಲ್ಲಿ, ಅವನ ಕೈಕೆಳಗಿನ ನಾಯಕನೊಬ್ಬ ಕೋಟೆ ಕಟ್ಟಿಸಿದ ದಾಖಲೆ ಇದೆ. ಇಂದು ಕಾಣುವ ಗೋಡೆಗಳಲ್ಲಿ ಆಮೇಲಿನ ಆದಿಲ್‌ಶಾಹಿ, ಟಿಪ್ಪು, ಮರಾಠರ ಕಾಲದ ಕೆಲಸ ಕಲೆತುಹೋಗಿದೆ. 1786ರಲ್ಲಿ ಪೇಶ್ವೆ ಮತ್ತು ನಿಜಾಮರ ದಂಡು ಟಿಪ್ಪುವಿನಿಂದ ಇದನ್ನು ಕಿತ್ತುಕೊಂಡಿತು. 1818ರಲ್ಲಿ ಥಾಮಸ್ ಮನ್ರೋ ಹಿಡಿದ. ಈ ಯುದ್ಧಗಳ ವಿವರ ಗೆಜೆಟಿಯರಿನಲ್ಲಿ ಬೇಕಾದಷ್ಟಿದೆ. ನಾನು ಹುಡುಕುತ್ತಿದ್ದುದು ಅದನ್ನಲ್ಲ.

ಹುಡುಕುತ್ತಿದ್ದುದು ಊರಿನ ಜನರನ್ನು. ಅವರು ಸಿಕ್ಕಿದರು, ನೆನೆಸಿದ್ದಕ್ಕಿಂತ ಹೆಚ್ಚಾಗಿಯೇ.

ಮೊದಲು ಹೂವಿನವನು. ತೆಂಕಣ ಬಂಡೆಯ ಮೂರನೆಯ ಗುಹೆ, ಊರವರ ಬಾಯಲ್ಲಿ ಮೇಣಬಸದಿ, ಎಲ್ಲರಿಗೂ ಗೊತ್ತಿರುವುದು ಅಲ್ಲಿಯ ಸಂಸ್ಕೃತ ಶಾಸನದಿಂದ. ಶಕ 500, ಕಾರ್ತಿಕ ಹುಣ್ಣಿಮೆ, ಕ್ರಿ. ಶ. 578. ಮಂಗಳೇಶ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ವಿಷ್ಣುವಿನ ಈ ಮನೆಯನ್ನು ಮಾಡಿಸಿದ. ಕಾಲ ಖಚಿತವಾಗಿ ಬರೆದಿರುವ ಗುಹಾಲಯವಾದ್ದರಿಂದ ಕಲೆಯ ಇತಿಹಾಸದವರು ಈ ಶಾಸನವನ್ನು ಬಿಡುವುದಿಲ್ಲ. ಅದೇ ಗುಹೆಯಲ್ಲಿ ಅದೇ ಮಂಗಳೇಶನ ಒಂದು ಸಣ್ಣ ಕನ್ನಡ ಶಾಸನವೂ ಇದೆ. ಅದು ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟ ಸಂಗತಿಯನ್ನು ಹೇಳುತ್ತದೆ. ದೇವರಿಗೆ ಹೂಮಾಲೆ ಕಟ್ಟುವವನ ಪಾಲನ್ನೂ ಮರೆಯದೆ ಬರೆಸಿದೆ. ಈ ದತ್ತಿಯನ್ನು ಅಳಿದವನಿಗೆ ಪಾಪವೆಂಬ ಶಾಪವೂ ಕನ್ನಡದಲ್ಲೇ ಇದೆ. ಅರಸನ ಕೀರ್ತಿ ಸಂಸ್ಕೃತದಲ್ಲಿ, ಹೂವಿನವನ ಪಾಲು ಕನ್ನಡದಲ್ಲಿ. ದಿನವೂ ಬುಟ್ಟಿ ಹೊತ್ತು ಗುಡ್ಡ ಹತ್ತುವವನ ಹಕ್ಕು ಊರವರೆಲ್ಲರಿಗೂ ತಿಳಿಯುವ ಮಾತಿನಲ್ಲಿ ಇರಬೇಕಿತ್ತು. ಕನ್ನಡದ ಮೊದಮೊದಲ ಬರಹಗಳಲ್ಲೊಂದು ಹೀಗೆ ಒಬ್ಬ ಕೆಲಸಗಾರನ ಜೀವನಾಧಾರವನ್ನು ಕಾಯಲು ಕೊರೆದದ್ದು ಎಂಬುದು ನಾವೆಲ್ಲ ಹೆಮ್ಮೆಪಡಬೇಕಾದ ವಿಷಯ. ಊರಿನ ಅಂಚಿಗೆ ಬಂಡೆಯ ಮೇಲೆ ನಿಂತ ಮಾಲೆಗಿತ್ತಿ ಶಿವಾಲಯದ ಹೆಸರಲ್ಲೂ ಇದೇ ಕಸುಬು ಇದೆ. ಎರಡನ್ನೂ ಗಂಟು ಹಾಕಲು ದಾಖಲೆ ಬೇಕು, ಆದ್ದರಿಂದ ಹಾಕುವುದಿಲ್ಲ.

ಇನ್ನೊಂದು ತುದಿಗೆ ಕ್ಷೌರಿಕರು. ಹದಿನಾರನೆಯ ಶತಮಾನ, ವಿಜಯನಗರದ ಸದಾಶಿವರಾಯನ ಕಾಲ. ಬಾದಾಮಿಯ ಕ್ಷೌರಿಕರ ಮೇಲಿನ ತೆರಿಗೆಯನ್ನು ಬಿಟ್ಟುಕೊಟ್ಟ ಶಾಸನ ಇಲ್ಲಿದೆ. ಆ ಕಾಲದಲ್ಲಿ ಇಂಥ ಆಜ್ಞೆಗಳನ್ನು ಹಲವು ಊರುಗಳಲ್ಲಿ ಕಲ್ಲಿಗೆ ಹಾಕಿಸಿದ್ದಾರೆ. ಫ್ಲೀಟ್ ಇದನ್ನೂ ಅದೇ 1881ರ ಸಂಪುಟದಲ್ಲಿ, ಅರಸರ ಶಾಸನಗಳ ಬೆನ್ನಿಗೇ ಅಚ್ಚು ಮಾಡಿಸಿದ. ಒಂದು ಪುಟದಲ್ಲಿ ಚಕ್ರವರ್ತಿಯ ಬಿರುದು, ಕೆಲವು ಪುಟ ದಾಟಿದರೆ ಕತ್ತಿ-ಕನ್ನಡಿ ಹಿಡಿದು ದುಡಿಯುವವರಿಗೆ ಸಿಕ್ಕ ಬಿಡುಗಡೆ. ಬಾದಾಮಿಯ ಗೈಡ್‌ಗಳ ಬಾಯಲ್ಲಿ ಈ ಎರಡನೆಯದು ಎಂದೂ ಬರದಿರುವುದು ನನಗೆ ನೋವಿನ ಸಂಗತಿ. ಗುಹೆಗಳ ಆಚೀಚೆಯ ಬಂಡೆಗಳಲ್ಲೂ ಕಂಬಗಳಲ್ಲೂ ಸಣ್ಣಕ್ಷರದಲ್ಲಿ ಕೊರೆದ ಶಿಲ್ಪಿಗಳ ಹೆಸರುಗಳಿಗೂ ಇದೇ ಗತಿ. ಹದಿನೆಂಟು ಕೈಯ ನಟರಾಜನನ್ನು ಎಣಿಸಿ ನೋಡುವವರು ಈ ಹೆಸರುಗಳ ಮುಂದೆ ನಿಲ್ಲುವುದಿಲ್ಲ.

ಮೂರನೆಯವನು ಯಾವ ಕಸುಬಿನವನೋ ಶಾಸನ ಹೇಳುವುದಿಲ್ಲ. ಕಪ್ಪೆ ಅರಭಟ್ಟ. ಕೆರೆಯ ಈಶಾನ್ಯದ ಕಡೆ, ತಟ್ಟುಕೋಟಿಯ ಮಗ್ಗುಲಿನ ಬಂಡೆಯ ಮೇಲೆ ಅವನನ್ನು ಕುರಿತ ಹತ್ತು ಸಾಲು. ಲಿಪಿಯನ್ನು ನೋಡಿ ಸುಮಾರು 700ರದು ಎನ್ನುತ್ತಾರೆ. ಕನ್ನಡ ಸಾಹಿತ್ಯದ ಚರಿತ್ರೆ ಓದಿದವರಿಗೆಲ್ಲ ಇದು ಗೊತ್ತು, ಏಕೆಂದರೆ ತ್ರಿಪದಿಯ ಅತಿ ಹಳೆಯ ಮಾದರಿ ಇಲ್ಲಿದೆ. ಅವನು ಅರಸನಲ್ಲ. ಯಾವ ದಾನವನ್ನೂ ಕೊಟ್ಟವನಲ್ಲ. ಗುಣದ ಬಲದಿಂದಲೇ ಬಂಡೆಗೇರಿದವನು. ಪಠ್ಯಪುಸ್ತಕದಲ್ಲಿ ಅವನು ಛಂದಸ್ಸಿನ ಉದಾಹರಣೆ. ಜಾಗದ ಪಟ್ಟಿಯಲ್ಲಿ ಅವನು ಭೂತನಾಥನ ನೆರೆಯವನು, ನೀರು ಧುಮುಕುವ ಬಂಡೆಗೆ ಹತ್ತಿರದವನು. ಆ ಬಂಡೆಯ ಬಳಿ ನಿಂತಾಗ ಒಂದು ಮಾತು ಸ್ಪಷ್ಟವಾಯಿತು. ಜನ ಸುಳಿಯದ ಜಾಗದಲ್ಲಿ ಯಾರೂ ಹೀಗೆ ಹೊಗಳಿ ಬರೆಸುವುದಿಲ್ಲ. ಕೆರೆಯ ಮೂಡಣದ ತುದಿಯಲ್ಲೂ ಆಗ ನಡೆದಾಡುವ ದಾರಿ ಇತ್ತು, ನಿಂತು ಓದುವವರಿದ್ದರು. ಊರು ಕೆರೆಗೆ ಒಂದೇ ಕಡೆ ಅಂಟಿಕೊಂಡಿರಲಿಲ್ಲ, ಅದನ್ನು ಸುತ್ತಿಕೊಂಡಿತ್ತು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಕಲ್ಲು ಮುಗಿದು ಕಾಗದ ಶುರುವಾಗುತ್ತದೆ. 1841ರಲ್ಲಿ ಕಣ್ಣು ಕಾಣದ ನರಸಿಂಗ ದತ್ತಾತ್ರೇಯ ಪೇಟಕರ ನಿಜಾಮನ ಸೀಮೆಯಿಂದ ಅರಬ್ಬರ ಪಡೆ ಕಟ್ಟಿಕೊಂಡು ಬಂದು ಬಾದಾಮಿಯನ್ನು ಹಿಡಿದ. ಬ್ರಿಟಿಷರ ಸೈನ್ಯ ಬಂದು ಅಡಗಿಸುವ ತನಕ ಊರು ಅವನ ಕೈಯಲ್ಲಿತ್ತು. ಸರಕಾರಿ ಬರಹದಲ್ಲಿ ಇದು ದರೋಡೆ, ನಮ್ಮ ಚರಿತ್ರೆಯಲ್ಲಿ ಬಂಡಾಯ. ನನಗೆ ಮುಖ್ಯವಾದದ್ದು ಅವರು ನೇರವಾಗಿ ಎಲ್ಲಿಗೆ ಹೋದರು ಎಂಬುದು. ಖಜಾನೆಗೆ ಮತ್ತು ಪೇಟೆಗೆ. ಅಂದರೆ ಹಿಡಿಯಲು ಯೋಗ್ಯವಾದ ಪೇಟೆಯೊಂದು ಆ ಗುಡ್ಡಗಳ ನಡುವೆ ಆಗಲೂ ಇತ್ತು. 1884ರಲ್ಲಿ ಹೊಟಗಿ-ಗದಗ ರೈಲು ಬಂತು, ನಿಲ್ದಾಣ ಊರಿನಿಂದ ಸುಮಾರು 5 ಕಿ. ಮೀ. ದೂರದಲ್ಲಿ. ಬರುವವರೆಲ್ಲ ಆಮೇಲೆ ಒಂದೇ ದಿಕ್ಕಿನಿಂದ ಬರತೊಡಗಿದರು. ಹಳೆಯ ಪುಸ್ತಕದವರು ಬೇರೆ ಬೇರೆ ದಾರಿಯಿಂದ ಊರು ಹೊಕ್ಕವರು. ಒಬ್ಬರು ‘ಎಡಕ್ಕೆ’ ಎಂದದ್ದು ಇನ್ನೊಬ್ಬರಿಗೆ ಬಲವಾಗುವುದು ಇದರಿಂದಲೇ. ದಿಕ್ಕನ್ನು ಹೆಸರಿಸಿ ಬರೆದ ಫ್ಲೀಟ್‌ನ ತಲೆಬರಹಗಳು ಅದಕ್ಕಾಗಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದವು.

ಈ ಪಟ್ಟಿಯನ್ನು ಕಟ್ಟಲು ತುರ್ತಿನ ಕಾರಣವೂ ಇದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಕಾನೂನು ಹೇಳುತ್ತದೆ. ಸ್ಮಾರಕಗಳೇ ಸುತ್ತುವರಿದಿರುವ ಬಾದಾಮಿಯ ಹಳೆಯ ಊರಿಗೆ ಇದರ ಅರ್ಥ ಏನೆಂದು ಅಲ್ಲಿ ಬಾಳುವವರಿಗೆ ಗೊತ್ತು. ಮಾಳಿಗೆ ಸೋರಿದರೂ ರಿಪೇರಿಗೆ ಅನುಮತಿ ಕೇಳಬೇಕು. ಮನೆಗಳನ್ನು ತೆರವು ಮಾಡಿ ಸ್ಮಾರಕಗಳನ್ನು ಬಿಡಿಸಬೇಕೆಂಬ ಮಾತು ಆಗಾಗ ಏಳುತ್ತದೆ. ಗುಡಿಗೆ ಆತುಕೊಂಡ ಗೋಡೆಗಳು ಗುಡಿಗೆ ಕೇಡು ಮಾಡುವುದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಂಬುಲಿಂಗದ ಸುತ್ತಲಿನ ಓಣಿಯನ್ನು ಪೂರ್ತಿ ತೆಗೆದು ಹುಲ್ಲುಹಾಸು ಹಾಕಿದರೆ ವಿನಯವತಿಯ ಗುಡಿ ಊರ ನಡುವಿನ ಗುಡಿಯಾಗಿ ಉಳಿಯುವುದಿಲ್ಲ. ಕಂಬದ ಮೇಲಿನ ಬರಹ ಹಾಗೇ ಇರುತ್ತದೆ, ಅದು ಅಲ್ಲಿ ನಿಂತ ಕಾರಣ ಹೋಗುತ್ತದೆ. ನಡಿಗೆಯ ದಾರಿಯನ್ನು ಗುರುತಿಸುವುದಾದರೆ ಊರೊಳಗಿನಿಂದಲೇ ಗುರುತಿಸಬೇಕು. ಜಂಬುಲಿಂಗ, ಎಲ್ಲಮ್ಮ, ಏರಿ, ಬಡಗಣ ಕೋಟೆ, ಇಳಿದು ಮಾಲೆಗಿತ್ತಿ, ಮತ್ತೆ ಕೆರೆದಂಡೆ ಹಿಡಿದು ಭೂತನಾಥ, ಅರಭಟ್ಟನ ಬಂಡೆ, ಕೊನೆಗೆ ಮೇಣಬಸದಿ. ಬೆಳಗ್ಗೆ ಬೇಗ ಹೊರಟರೆ ಬಿಸಿಲು ಏರುವಷ್ಟರಲ್ಲಿ ಕೋಟೆಯಿಂದ ಇಳಿಯಬಹುದು. ತೆಂಕಣ ಗುಹೆಗಳು ಬಡಗಣಕ್ಕೆ ಮುಖ ಮಾಡಿರುವುದರಿಂದ ಹೊತ್ತು ಏರಿದ ಮೇಲೂ ಅಲ್ಲಿ ನೆರಳು ಸಿಗುತ್ತದೆ.

ಹೂವಿನವನಿಗೆ ಪಾಲು ಸಿಕ್ಕ ಲಂಜಿಗೇಸರವನ್ನು ವಿದ್ವಾಂಸರು ಇಂದಿನ ನಂದಿಕೇಶ್ವರ ಎಂದು ಗುರುತಿಸಿದ್ದಾರೆ. ಅದು ಬಾದಾಮಿಯ ಮೂಡಣಕ್ಕೆ, ಗುಡ್ಡದಾಚೆ ಮಹಾಕೂಟದ ಹತ್ತಿರದ ಹಳ್ಳಿ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡ ದಾಟಿ ಹೋಗುವ ಕಾಲುದಾರಿ ಈಗಲೂ ಇದೆ. ಆದ್ದರಿಂದ ನನ್ನ ಪಟ್ಟಿ ಕೆರೆಯ ಸುತ್ತ ಮುಗಿಯುವುದಿಲ್ಲ. ಗುಹೆಯ ದತ್ತಿಯೇ ಅದನ್ನು ಗುಡ್ಡದಾಚೆಗೆ ಎಳೆಯುತ್ತದೆ. ಮಹಾಕೂಟದಲ್ಲಿದ್ದ ಮಂಗಳೇಶನ ದೊಡ್ಡ ಕಂಬಶಾಸನವೂ ಮಕುಟೇಶ್ವರನಿಗೆ ಬಿಟ್ಟ ಊರುಗಳ ಹೆಸರುಗಳನ್ನು ಸಾಲಾಗಿ ಕೊಡುತ್ತದೆ. ದಾನದ ನಡುವೆ ಅಲ್ಲೂ ಒಬ್ಬ ಹೆಣ್ಣಿನ ಹೆಸರಿದೆ, ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ. ಕಂಬ ಈಗ ಮಹಾಕೂಟದಲ್ಲಿಲ್ಲ, ವಿಜಯಪುರದಲ್ಲಿ ಗೋಳಗುಮ್ಮಟದ ಆವರಣದ ಮ್ಯೂಸಿಯಂನಲ್ಲಿದೆ. ಅದರಲ್ಲಿರುವ ಊರುಗಳಲ್ಲಿ ಯಾವ್ಯಾವು ಈ ಕಾಲುದಾರಿಯ ಮೇಲೆ ಬರುತ್ತವೆ ಎಂದು ನೋಡಲು ಮೊದಲು ವಿಜಯಪುರಕ್ಕೆ ಹೋಗಬೇಕು, ಆಮೇಲೆ ಪಟ್ಟಿ ಹಿಡಿದು ಮಹಾಕೂಟದ ಕಡೆಯಿಂದ ಬಾದಾಮಿಗೆ ನಡೆಯಬೇಕು.